ಹುಣ್ಣು ಎಣಿಸಿದವರು

ಆ ವಾರ್ಡಿನಲ್ಲಿ ಹಿರಿಯ ನರ್ಸನ್ನು ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದುದು ‘ಪುರಾವೆ ಅಕ್ಕ’ ಎಂದೇ. ನಾಲ್ಕು ಜನ ರೋಗಿಗಳನ್ನು ನೋಡಿ ಯಾರೋ ಬರೆದದ್ದನ್ನು ಆಕೆ ಮೂಸಿಯೂ ನೋಡುತ್ತಿರಲಿಲ್ಲ. ಹಾಸಿಗೆ ಹಿಡಿದವರ ಬೆನ್ನಿಗೆ ಸಂಜೆ ಪೌಡರ್ ಹಾಕಿ ತಿಕ್ಕುವುದು ಅಲ್ಲಿ ತಲೆತಲಾಂತರದ ರೂಢಿ. ಹುಣ್ಣಾಗಬಾರದೆಂದು ಕೆಂಪಾದ ಕಡೆ ಇನ್ನಷ್ಟು ಜೋರಾಗಿ ತಿಕ್ಕುತ್ತಿದ್ದರು. ಸಿಕ್ಕ ಸಂಶೋಧನೆಯನ್ನೆಲ್ಲ ಜರಡಿ ಹಿಡಿದ ಅಕ್ಕ ಕಡ್ಡಿ ಮುರಿದಂತೆ ಹೇಳಿಬಿಟ್ಟಳು: “ತಿಕ್ಕಿದ್ರೆ ಹುಣ್ಣು ತಪ್ಪುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಕೆಂಪಾದ ಕಡೆ ಒಳಗಿನ ಮಾಂಸ ನಲುಗುತ್ತೆ. ಇವತ್ತಿಂದ ಯಾರೂ ಬೆನ್ನು ತಿಕ್ಕೋ ಹಾಗಿಲ್ಲ.” ಮಗ್ಗುಲು ಬದಲಿಸುವುದನ್ನು ಮಾತ್ರ ಬಿಗಿ ಮಾಡಿದಳು. ಹುಣ್ಣುಗಳೂ ಕಡಿಮೆಯಾದವು. ಇನ್ನು ಎದುರಾಡುವವರು ಯಾರು?

ಅದೇ ವಾರ್ಡಿಗೆ ಈಗ ಅವಳ ತಾಯಿಯೇ ಬಂದು ಮಲಗಿದ್ದಳು. ಸೊಂಟ ಮುರಿದಿತ್ತು, ಜೀವ ಸೋತಿತ್ತು. ಎದ್ದು ಮನೆಗೆ ಹೋಗುವವಳಲ್ಲವೆಂದು ಮಗಳಿಗೂ ಗೊತ್ತಿತ್ತು.

“ಬೆನ್ನು ಸ್ವಲ್ಪ ಸವರೇ, ನಿದ್ದೆನಾದ್ರೂ ಬರ್ಲಿ.”

“ಅದ್ರಿಂದ ಉಪಯೋಗ ಇಲ್ಲಮ್ಮ.”

“ಉಪಯೋಗ ಕಟ್ಕೊಂಡು ನನಗೇನಾಗ್ಬೇಕೇ? ಕೈ ಇಡು, ಸಾಕು.”

ಮಗಳು ತುಟಿ ಕಚ್ಚಿಕೊಂಡು ಮಗ್ಗುಲು ತಿರುಗಿಸಿ, ಹಿಮ್ಮಡಿ ಹಾಸಿಗೆಗೆ ಒತ್ತದಂತೆ ದಿಂಬು ಸರಿಮಾಡಿ ಹೊರಟಳು. ತನ್ನ ತಾಯಿಗೊಂದು ನ್ಯಾಯ, ಊರವರಿಗೊಂದು ನ್ಯಾಯವೇ? ಆಡಿಕೊಳ್ಳುವವರ ಬಾಯಿ ಮುಚ್ಚಿಸುವುದು ಹೇಗೆ? ದಿನಾ ಅದೇ ಬೇಡಿಕೆ, ಅದೇ ಉತ್ತರ. ಒಂದು ದಿನ ತಾಯಿ ಕೇಳುವುದನ್ನೇ ಬಿಟ್ಟಳು.

ಆ ಮೌನ ತಡೆಯಲಾಗಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಪಕ್ಕಕ್ಕಿಟ್ಟು ಆ ಸಂಶೋಧನಾ ಪ್ರಬಂಧಗಳನ್ನೆಲ್ಲ ಮತ್ತೆ ಓದಿದಳು. ಎಲ್ಲರೂ ಎಣಿಸಿದ್ದು ಹುಣ್ಣನ್ನು. ನಿದ್ದೆ ಬಂತೇ, ಹಾಯೆನಿಸಿತೇ ಎಂದು ಒಬ್ಬರಾದರೂ ಕೇಳಿದ್ದರೆ ಕೇಳಿ! ಕೆಂಪಾಗದ ಕಡೆ ಮೆಲ್ಲಗೆ ಸವರಬಾರದೆಂದೂ ಎಲ್ಲೂ ಬರೆದಿರಲಿಲ್ಲ. ಆ ನಿಷೇಧ ಅವಳೇ ಸೇರಿಸಿದ್ದು. ಅಯ್ಯೋ, ಇಷ್ಟು ಓದಿಯೂ ನನ್ನ ಬುದ್ಧಿಗೆ ಮಂಕು ಬಡಿದಿತ್ತೇ ಎಂದು ಅವಳ ಹೊಟ್ಟೆ ಉರಿಯಿತು.

ಓಡಿದಳು. ತಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕಣ್ಣು ಅರೆಮುಚ್ಚಿತ್ತು, ಉಸಿರು ಮೇಲುಮೇಲಕ್ಕೆ ಬರುತ್ತಿತ್ತು. ಎರಡು ಭುಜಗಳ ನಡುವೆ ಕೈಯಿಟ್ಟು ಮಗಳು ಮೆಲ್ಲಗೆ ಸವರತೊಡಗಿದಳು. ಬಿಗಿಹಿಡಿದಿದ್ದ ಮೈ ಸಡಿಲವಾಯಿತು.

“ಯಾರವ್ವ ನೀನು?”

“ನಾನಮ್ಮ, ನಿನ್ನ ಮಗಳು.”

“ಇಲ್ಲ ಬಿಡು, ಅವಳು ಸವರೋದಿಲ್ಲ.” ತಾಯಿ ತಡೆತಡೆದು ಉಸಿರೆಳೆದುಕೊಂಡಳು. “ಯಾವ ತಾಯಿ ಹೆತ್ತ ಮಗಳೋ... ನಿನ್ನ ಹೊಟ್ಟೆ ತಣ್ಣಗಿರ್ಲಿ.”