ಬಳ್ಳಿ ಸುತ್ತಿದ ದಿಕ್ಕು

"ಬಳ್ಳಿ ಯಾವ ಕಡೆಗೆ ಸುತ್ಕೊಂಡಿತ್ತು?" ಅಜ್ಜಿ ಬುಬು ಕೇಳಿದಳು.

ಸುಟ್ಟ ಗೆಡ್ಡೆ ಅವಳ ಮಡಿಲಲ್ಲಿತ್ತು. ಪೊರೆ ಬಂದ ಕಣ್ಣುಗಳನ್ನು ಮೊಮ್ಮಗಳ ದನಿ ಬರಬೇಕಾದ ಕಡೆಗೆ ತಿರುಗಿಸಿ ಕಾಯುತ್ತಿದ್ದಳು. ಲೇಸಲೆ ಒಲೆಯ ಬೂದಿ ಕೆದಕಿದಳು.

"ಬಲಕ್ಕೆ, ಬುಬು."

"ನೋಡಿದ್ಯಾ?"

"ನೋಡ್ದೆ."

ಅವಳು ನೋಡಿರಲಿಲ್ಲ. ನೋಡಲು ಬಳ್ಳಿಯೇ ಇರಲಿಲ್ಲ. ಬಿರುಗಾಳಿ ಬಂದು ಹೋಗಿ ಹತ್ತೊಂಬತ್ತು ದಿನವಾಗಿತ್ತು. ಟೊಂಗೋವಾ ದ್ವೀಪದ ಗುಡ್ಡಗಳ ಮೇಲೆ ಯಾವ ಮರದಲ್ಲೂ ಎಲೆ ಉಳಿದಿರಲಿಲ್ಲ. ಬಳ್ಳಿಗಳೆಲ್ಲ ಕಿತ್ತು ಎಲ್ಲಿಗೋ ಹಾರಿಹೋಗಿದ್ದವು. ಬಿದ್ದ ಹಲಸು, ತೆಂಗು, ಬಾಳೆಯ ದಿಂಡು ಎಲ್ಲ ಮೊದಲ ಎರಡು ವಾರಕ್ಕೇ ಮುಗಿದಿದ್ದವು. ರಾಜಧಾನಿ ವಿಲಾದಿಂದ ಅಕ್ಕಿ ತರುವ ಹಡಗು ಇನ್ನೂ ಬಂದಿರಲಿಲ್ಲ.

ಕಾಡಿನಲ್ಲಿ ಗೆಣಸು ಎರಡು ಬಗೆ. ಬಲಕ್ಕೆ ಸುತ್ತುವ ಬಳ್ಳಿಯದನ್ನು ಸುಟ್ಟು ತಿನ್ನಬಹುದು. ಎಡಕ್ಕೆ ಸುತ್ತುವುದು ಕಹಿಗೆಣಸು. ಹೆಚ್ಚಿ, ಹರಿಯುವ ನೀರಿನಲ್ಲಿ ಮೂರು ದಿನ ಇಡದಿದ್ದರೆ ವಿಷ. ಗುಡ್ಡ ಜರಿದು ಹೊಳೆ ಮುಚ್ಚಿಹೋಗಿತ್ತು. ಮೂರು ದಿನ ಕಾಯುವ ಶಕ್ತಿ ಕಲ್ಸಾಂಗ್ ಮಾವನ ಇಬ್ಬರು ಹೆಣ್ಣುಮಕ್ಕಳಿಗೂ ಇರಲಿಲ್ಲ.

ವಿಲಾದಲ್ಲಿ ಓದು ಮುಗಿಸಿ ಬಂದ ಮೇಲೆ ಎರಡು ವರ್ಷ, ಪ್ರತಿ ಭಾನುವಾರ ಪ್ರಾರ್ಥನೆಯ ನಂತರ, ಲೇಸಲೆ ಬುಬುವಿನ ಹಿಂದೆ ಕಾಡಿಗೆ ಹೋಗಿದ್ದಳು. ನೋಟುಪುಸ್ತಕದಲ್ಲಿ ನೂರಾ ನಲವತ್ತು ಎಲೆಗಳನ್ನು ಅಂಟಿಸಿ, ಕೆಳಗೆ ಹೆಸರು ಬರೆದಿದ್ದಳು. ಜನರ ನಡುವೆ ಮಾತು ಹೊರಡದವಳಿಗೆ ಆ ಹೆಸರುಗಳನ್ನು ಒಬ್ಬಳೇ ಹೇಳಿಕೊಳ್ಳುವುದು ಹಿತವಾಗಿತ್ತು. ತೊಗಟೆಯನ್ನು ಕೊಯ್ದು ಮೂಸು, ಬೇರನ್ನು ಮುಟ್ಟು ಎಂದು ಬುಬು ಹೇಳಿದಾಗಲೆಲ್ಲ, ಆಮೇಲೆ ಎನ್ನುತ್ತಿದ್ದಳು.

"ಪುಸ್ತಕಾನೇ ಬೇಯ್ಸಿ ಬಡಿಸ್ಬಿಡು, ಪಂಡಿತೆ," ಎಂದು ಕಲ್ಸಾಂಗ್ ಮಾವ ಬೆಳಿಗ್ಗೆ ನಕ್ಕಿದ್ದ. "ನೂರಾ ನಲವತ್ತು ಸೊಪ್ಪು ಇದೆಯಂತಲ್ಲ." ಆ ಮಾತಿಗೇ ಅವಳು ಗುದ್ದಲಿ ಎತ್ತಿಕೊಂಡು ಹೋಗಿದ್ದು. ಗೆಡ್ಡೆ ತಂದಾಗ ಮಾವ ನಗಲಿಲ್ಲ. ಮಕ್ಕಳಿಬ್ಬರೂ ಎದ್ದು ಕೂತರು. ಆಗ ಅವಳಿಗೆ, ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ.

ಹಸಿವಿನ ಕಾಲದಲ್ಲಿ ಕಾಡಿನಿಂದ ತಂದದ್ದನ್ನು ಮನೆಯ ಹಿರಿಯರು ಮೊದಲು ತಿನ್ನಬೇಕು. ಹೊತ್ತು ಇಳಿಯುವವರೆಗೆ ಉಳಿದವರು ಮುಟ್ಟುವ ಹಾಗಿಲ್ಲ.

ಬುಬು ಸಿಪ್ಪೆ ಬಿಡಿಸಿ ತಿಂದಳು. ನಿಧಾನವಾಗಿ, ಪೂರ್ತಿ ಒಂದು ಗೆಡ್ಡೆ.

"ಹೆಂಗಿದೆ ಅಮ್ಮ?" ಮಾವ ಕೇಳಿದ.

"ನಿನ್ನ ಹೆಂಡತಿ ಮಾಡಿದ್ದಕ್ಕಿಂತ ವಾಸಿ."

ಎಲ್ಲರೂ ನಕ್ಕರು. ಹೊತ್ತು ಇಳಿಯುವ ಮೊದಲೇ ಬುಬು ಹೊರಗೆ ಹೋಗಿ ವಾಂತಿ ಮಾಡಿಕೊಂಡಳು. ಸಂಜೆಗೆ ಕೈಕಾಲು ಸೆಟೆಯತೊಡಗಿದವು. ಮಾವ ಉಳಿದ ಗೆಡ್ಡೆಗಳನ್ನು ಒಂದೊಂದಾಗಿ ಸಮುದ್ರಕ್ಕೆ ಎಸೆದು ಬಂದ.

ಲೇಸಲೆಯ ಅಮ್ಮ ನೀರು ತರಲು ಎದ್ದಾಗ ಬುಬು ಮೊಮ್ಮಗಳ ಮಣಿಕಟ್ಟು ಹಿಡಿದಳು.

"ಬಳ್ಳಿ ಇಲ್ದಿದ್ರೆ ಹಸೀದಿರುವಾಗ್ಲೇ ಸಿಪ್ಪೆ ಕೆರೀಬೇಕು. ಕೆಳಗೆ ಹಳದಿ ಇದ್ರೆ ಕಹೀದು. ಬಿಳಿ ಇದ್ರೆ ತಿನ್ಬೋದು. ಸುಟ್ಮೇಲೆ ಎಲ್ಲಾ ಒಂದೇ." ಉಸಿರು ಸಿಕ್ಕಿಕೊಂಡಿತು. "ಇದನ್ನ ಹೇಳ್ಕೊಟ್ಟಿರ್ಲಿಲ್ಲ ನಾನು."

"ಬುಬು, ನಾನು ನೋಡಿರ್ಲಿಲ್ಲ."

"ಗೊತ್ತು. ಮಕ್ಕಳು ಅಳ್ತಿದ್ರು." ಮಣಿಕಟ್ಟು ಬಿಡದೆ, "ಹಳದಿ ಅಂದ್ರೆ ಭಾರೀ ಹಳದಿ ಅಲ್ಲ. ಬೆಳಕಿಗೆ ಹಿಡಿದು ನೋಡು," ಎಂದಳು.

ಬೆಳಗಾಗುವಷ್ಟರಲ್ಲಿ ತೀರಿಕೊಂಡಳು. ದೇಹವನ್ನು ಸುತ್ತಲು ಮನೆಯಲ್ಲಿ ಒಣ ಚಾಪೆ ಒಂದೂ ಇರಲಿಲ್ಲ. ಪಕ್ಕದ ಮನೆಯವರು ಅರ್ಧ ಹರಿದದ್ದನ್ನು ಕೊಟ್ಟರು. ಮುದುಕಿ, ಹಸಿದ ಹೊಟ್ಟೆ, ತಡೆಯಲಿಲ್ಲ ಎಂದು ಬಂದವರೆಲ್ಲ ಅಂದರು. ಅಮ್ಮ ಲೇಸಲೆಯನ್ನು ನೋಡಿ ಬೇರೆ ಕಡೆ ತಿರುಗಿದಳು.

ಮಣ್ಣು ಮುಚ್ಚಿ ಬಂದ ಮೇಲೂ ತಿನ್ನಲು ಏನೂ ಇರಲಿಲ್ಲ. ಮಾವನ ಚಿಕ್ಕ ಮಗಳು ಅಳುವುದನ್ನು ನಿಲ್ಲಿಸಿದ್ದಳು, ಅದೇ ಹೆಚ್ಚು ಭಯ ಹುಟ್ಟಿಸುತ್ತಿತ್ತು.

"ಹೋಗಿ ಅಗೆದುಕೊಂಡು ಬಾ," ಎಂದಳು ಅಮ್ಮ. ಬುಬುವಿನ ನಂತರ ಮನೆಗೆ ಹಿರಿಯಳು ಅವಳೇ. "ತಂದು ನನ್ನ ಕೈಗೇ ಕೊಡು."

ಲೇಸಲೆ ಗುಡ್ಡ ಹತ್ತಿದಳು. ನೆರಳಿಲ್ಲದ ಕಾಡಿನಲ್ಲಿ ಬಿಸಿಲು ನೇರವಾಗಿ ಮಣ್ಣಿಗೇ ಬೀಳುತ್ತಿತ್ತು. ಮಧ್ಯಾಹ್ನದವರೆಗೆ ಅಗೆದು ಏಳು ಗೆಡ್ಡೆ ತೆಗೆದಳು. ಒಂದೊಂದನ್ನೂ ಚಾಕುವಿನಿಂದ ಕೆರೆದು ಬೆಳಕಿಗೆ ಹಿಡಿದಳು. ಮೂರನ್ನು ದೂರ ಎಸೆದಳು. ಉಳಿದ ನಾಲ್ಕು ಬಿಳಿ ಅನ್ನಿಸಿದವು. ಅನ್ನಿಸಿದವು, ಅಷ್ಟೇ.

ಅಲ್ಲೇ ಸೌದೆ ಕೂಡಿಸಿ ಬೆಂಕಿ ಹಾಕಿದಳು. ಒಂದನ್ನು ಸುಟ್ಟು, ಬಿಸಿ ಆರುವ ಮೊದಲೇ ಪೂರ್ತಿ ತಿಂದಳು. ಉಳಿದ ಮೂರನ್ನು ಬುಟ್ಟಿಯಲ್ಲಿಟ್ಟು, ಬಿದ್ದ ಮರದ ಕಾಂಡದ ಮೇಲೆ ಕೂತಳು. ಕೆಳಗೆ ಮನೆಯ ಹೊಗೆ ಕಾಣುತ್ತಿರಲಿಲ್ಲ. ಹೊತ್ತು ಇಳಿಯಲು ಇನ್ನೂ ಬಹಳವಿತ್ತು.

ಕೂತ ಕಾಂಡದ ತೊಗಟೆ ಒಂದು ಕಡೆ ಬಿರಿದು, ಉಗುರಿನಷ್ಟು ಚಿಗುರು ಹೊರಗೆ ಬಂದಿತ್ತು. ಇನ್ನೂ ಬಿಚ್ಚಿಕೊಂಡಿರಲಿಲ್ಲ. ಯಾವ ಮರದ್ದೆಂದು ಅವಳಿಗೆ ತಿಳಿಯಲಿಲ್ಲ.