ಕಾವು ತಡೆದ ಗೋಡೆ

ನನಗಂತೂ ಸಾಕುಸಾಕಾಗಿತ್ತು. ದಿನವಿಡೀ ಒಲೆಯ ಮುಂದೆ ಬೇಯುವವಳಿಗೆ ಮತ್ತೆ ಒಲೆಯದ್ದೇ ಪಂಚಾಯ್ತಿ.

ದಿಗ್ಗೇವಾಡಿಯ ನಮ್ಮ ಮನೆಯಲ್ಲಿ ಅಡಿಗೆಮನೆಯ ಗೋಡೆಯಾಚೆಗೇ ಅತ್ತೆ ಕಾಶಿಬಾಯಿಯವರ ಕತ್ತಲೆ ಕೋಣೆ. ಅವರಿಗೆ ಕಣ್ಣು ಹೋಗಿ ಆರು ವರ್ಷವಾಗಿತ್ತು, ಕಿವಿಯೂ ಮಂದ. ೧೯೮೭ರ ಬೇಸಿಗೆಯಲ್ಲಿ ಒಲೆಯ ಕಾವು ಗೋಡೆ ದಾಟಿ ಅವರ ಬೆನ್ನಿಗೆ ಬೊಕ್ಕೆ ಎದ್ದವು. ಗೋಡೆಗೆ ಹತ್ತಿದ ಮಂಚ ಸರಿಸುತ್ತೇವೆಂದರೆ ಬೇಡವೆಂದರು. ಯಾಕೆಂದು ಹೇಳಲಿಲ್ಲ. ಹಟಮಾರಿ ಮುದುಕಿ ಎಂದು ಗೊಣಗಿಕೊಂಡೆ.

ಗೋಡೆ ಕಟ್ಟುವ ಗವಂಡಿ ಸತ್ಯಪ್ಪ ಬಂದು ನೋಡಿದ. "ಹುತ್ತಿನ ಮಣ್ಣ ಮೆತ್ತೂಣ್ರಿ, ಕಾವ ತಡೀತೈತಿ."

"ಜೈನರ ಮನಿಯಾಗ ಹುತ್ತ ಒಡದ ಗ್ವಾಡಿ ಮೆತ್ತತಾರೇನ? ಎಷ್ಟ ಜೀವ ಇರತಾವ ಅದರಾಗ," ಎಂದೆ.

ಜೋಡಿಗೋಡೆ ಕಟ್ಟಿ ನಡುವೆ ಹೊಟ್ಟು ತುಂಬೋಣವೆಂದರೆ ಹುಳ ಬೀಳುತ್ತವೆ. ನಮ್ಮವರು ಚಿಕ್ಕೋಡಿಯಿಂದ ತಗಡಿನಂಥ ಸಿಮೆಂಟಿನ ಪತ್ರಾ ತಂದು ಒಲೆಯ ಹಿಂದೆ ನಿಲ್ಲಿಸಿದರು, ಅದು ಮೊದಲ ಕಾವಿಗೇ ಸೀಳಿತು. ಕೊನೆಗೆ ಒಂದು ಮಧ್ಯಾಹ್ನ ಸತ್ಯಪ್ಪ ಒಲೆಯ ಹಿಂದೆ ಇನ್ನೊಂದು ಇಟ್ಟಂಗಿ ಗೋಡೆ ಎಬ್ಬಿಸಿ, ನಡುವಿನ ನಾಲ್ಕು ಬೆರಳು ಸಂದಿಗೆ ಬೂದಿ ತುಂಬಿದ. ಬೂದಿ ಹೊತ್ತವಳೂ ನಾನೇ, ಜರಡಿ ಹಿಡಿದವಳೂ ನಾನೇ.

ಮರುದಿನ ಒಲೆ ಧಗಧಗ ಉರಿದರೂ ಆಚೆಯ ಗೋಡೆ ತಣ್ಣಗಿತ್ತು. ಇನ್ನಾದರೂ ಸುಖವಾಗಿರಲಿ ಎಂದು ಅತ್ತೆಗೆ ನೀರು ಒಯ್ದೆ. ಅವರು ಬಾಯಿ ಬಿಗಿದರು.

"ಹೊತ್ತ ಮುಳಗಿದ ಮ್ಯಾಲ ನಾ ಏನೂ ಮುಟ್ಟಂಗಿಲ್ಲ. ಗೊತ್ತಿಲ್ಲನ ನಿನಗ?"

"ಈಗ ಬೆಳಗಾಗೇತ್ರಿ ಅತ್ತಿ," ಎಂದು ಕಿವಿಯಲ್ಲಿ ಕೂಗಿದೆ.

"ಹೋದ ವರ್ಷ ಜ್ವರಾ ಬಂದಾಗ ನಿನ್ನ ಗಂಡನೂ ಹಿಂಗ ಅಂದು, ರಾತ್ರಿ ಹಾಲ ಕುಡಿಸಿದ್ದ."

ಅದು ನಿಜ. ಆಮೇಲೆ ಅವರು ನಮ್ಮ ಮಾತನ್ನು ನಂಬುವುದನ್ನೇ ಬಿಟ್ಟಿದ್ದರು. ಅಂದು ಮಧ್ಯಾಹ್ನವೂ ಅದೇ ಮಾತು, ಸಂಜೆಯೂ ಅದೇ. ನಾನು ರಾತ್ರಿಯಿಡೀ ಅವರ ಪಕ್ಕದಲ್ಲೇ ಕೂತೆ. ಮರುದಿನ ತುಟಿ ಒಣಗಿ ಬಿರಿದಿತ್ತು. ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು.

"ಸಾಯಬೇಕಂತ ಮಾಡೀರೇನ್ರಿ?"

ಅತ್ತೆ ಗೋಡೆಯ ಮೇಲೆ ಅಂಗೈ ಇಟ್ಟರು. "ನೀ ಒಲಿ ಹಚ್ಚಿದ್ರ ಇದು ಬೆಚ್ಚಗ ಆಗತಿತ್ತು. ಅವಾಗ ಬೆಳಗಾತು ಅಂತ ನೀರ ಕೇಳತಿದ್ನಿ. ತಣ್ಣಗಾದ್ರ ಬಾಯಿ ಮುಚ್ಚತಿದ್ನಿ. ಈ ರಾತ್ರಿ ಯಾಕೋ ಭಾಳ ಉದ್ದ ಆಗೇತಿ."

ಓಡಿ ಹೋಗಿ ಹೊಸ ಗೋಡೆಯ ಒಂದು ಇಟ್ಟಂಗಿ ಕಿತ್ತೆ. ಬೂದಿ ಸುರಿದು ಮೈತುಂಬ ಬಿತ್ತು. ಕಾವು ಆಚೆ ದಾಟಲೆಂದು ಸಂದಿಗೆ ಅಡ್ಡಲಾಗಿ ಎರಡು ಇಟ್ಟಂಗಿ ತುರುಕಿ, ಹಳೆಯ ಗೋಡೆಗೆ ತಾಗಿಸಿ, ಉರಿ ಜೋರು ಮಾಡಿದೆ. ಹೋಗಿ ಅತ್ತೆಯ ಅಂಗೈಯನ್ನು ಆ ಜಾಗಕ್ಕೆ ಹಚ್ಚಿ ಹಿಡಿದು ಕೂತೆ. ತುಂಬ ಹೊತ್ತು ಹಿಡಿಯಿತು.

ಆಮೇಲೆ ಅವರ ಬೆರಳು ಅಲುಗಿದವು.

"ಎದ್ದೇನ ಮಂಗಲಾ? ಇವತ್ತ ಭಾಳ ಹೊತ್ತ ಮಲಗಿದೆಲ್ಲ ಬೇ. ನೀರ ಕೊಡು."

ನಿನ್ನೆಯಿಂದ ಕಣ್ಣು ಮುಚ್ಚದವಳು ನಾನು. "ಹೂಂ ಅತ್ತಿ, ಎಚ್ಚರ ಆಗಲಿಲ್ಲ ನೋಡ್ರಿ," ಎಂದು ತಂಬಿಗೆ ಎತ್ತಿದೆ.