ಮೌನಪ್ಪನ ಕೈ ಕೂಡಿಸಿದ ಕ್ಯಾಸೆಟ್ಟು

ರಾಯಚೂರಿನಲ್ಲಿ ಮದುವೆ ವಿಡಿಯೊ ಅಂದರೆ ಶೇಷಗಿರಿರಾಯರ ಅಂಗಡಿ, ಅಂಗಡಿ ಅಂದರೆ ಜಾಲಹಳ್ಳಿಯ ಮೌನಪ್ಪನ ಎರಡು ಹೆಬ್ಬೆರಳು. ಒಂದು ವಿಸಿಆರಿನಲ್ಲಿ ಚಿತ್ರ ಓಡಬೇಕು, ಇನ್ನೊಂದು ಅದರಲ್ಲಿ ಬೇಕಾದಷ್ಟನ್ನೇ ರೆಕಾರ್ಡು ಮಾಡಿಕೊಳ್ಳಬೇಕು. ಎರಡರ ಗುಂಡಿಗಳನ್ನೂ ಒಂದೇ ಏಟಿಗೆ ಒತ್ತಿದರೆ ಮಾತ್ರ ತುಣುಕುಗಳು ಕೂಡುತ್ತವೆ. ಬೇರೆಯವರು ಒತ್ತಿದರೆ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಪರದೆ ತುಂಬ ಗೆರೆಗಳು. ಮೌನಪ್ಪ ಒತ್ತಿದರೆ ಕಣ್ಣು ಮಿಟುಕಿಸಿದಷ್ಟು ಮಿಣುಕು, ಅಷ್ಟೇ. ದೇವದುರ್ಗದಿಂದ ಮಾನ್ವಿಯವರೆಗೆ ಜನ ಮೌನಪ್ಪನ ಕೈಯಿಂದಲೇ ಕೂಡಿಸಿರಿ ಎಂದು ಹೇಳಿ ಹೋಗುತ್ತಿದ್ದರು. ಅದು ಅವನ ತಲೆಗೂ ಏರಿತ್ತು. ಏರಲಿ ಬಿಡಿ. ಅವನ ಓಣಿಯವರಿಗೆ ದೊಡ್ಡ ಮನೆಗಳವರು ಮುಟ್ಟಬೇಡ ಎಂದದ್ದೇ ಹೆಚ್ಚು. ನೀನೇ ಮುಟ್ಟು ಎಂದು ಕೇಳಿಕೊಂಡದ್ದು ಈ ಎರಡು ಯಂತ್ರಗಳನ್ನು ಮಾತ್ರ.

ಎಂಬತ್ತೆಂಟರಲ್ಲಿ ರಾಯರ ಅಕ್ಕನ ಮಗ ಶ್ರೀನಿವಾಸ ಹೈದರಾಬಾದಿನಿಂದ ಒಂದು ಕಂಪ್ಯೂಟರ್ ತಂದ. ಅದರಿಂದ ಎರಡೂ ವಿಸಿಆರಿಗೆ ವೈರು ಎಳೆದ. ಎಲ್ಲಿಂದ ಎಲ್ಲಿಯವರೆಗೆ ಎಂದು ಅಂಕಿ ಒತ್ತಿ ಕೂತರೆ ಸಾಕು, ಟೇಪು ತಾನೇ ಹಿಂದೆ ಸರಿಯುತ್ತಿತ್ತು, ತಾನೇ ನಿಲ್ಲುತ್ತಿತ್ತು, ರೆಕಾರ್ಡೂ ತಾನೇ ಆಗುತ್ತಿತ್ತು. ಆ ಡಬ್ಬಿಗೊಂದು ಹೊಸ ಫ್ಯಾನು, ಮೇಲೆ ಮಖಮಲ್ಲಿನ ಹೊದಿಕೆ. ಮೌನಪ್ಪನ ಕುರ್ಚಿ ಬಾಗಿಲ ಹೊರಗೆ ಬಂತು.

"ಒಳಗ ಬರೂ ಮುಂದ ಚಪ್ಪಲಿ ಬಿಡು, ಮೌನಪ್ಪ. ಧೂಳು ಹತ್ತಿದ್ರ ಕೆಡ್ತದ," ಎಂದರು ರಾಯರು. "ಮತ್ತ ಅದನ್ನ ಮುಟ್ಟಬ್ಯಾಡ."

ಚಪ್ಪಲಿಯನ್ನು ಶ್ರೀನಿವಾಸನೂ ಹೊರಗೇ ಬಿಡುತ್ತಿದ್ದ. ಆದರೆ ಮುಟ್ಟುತ್ತಿದ್ದವನು ಅವನೊಬ್ಬನೇ. ಮೌನಪ್ಪನಿಗೆ ಹೊಟ್ಟೆ ಉರಿಯಿತು. ರೊಟ್ಟಿ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ರಾಯಚೂರಿನ ಕರೆಂಟು ಒಂದಲ್ಲ ಒಂದು ದಿನ ಆ ಡಬ್ಬಿಯನ್ನು ಸುಟ್ಟೇ ಸುಡುತ್ತದೆ ಎಂದು ಹೆಂಡತಿ ಸೂಗಮ್ಮನ ಮುಂದೆ ಹೇಳಿ ಸಮಾಧಾನ ಮಾಡಿಕೊಂಡ. ಎಂದೂ ಇಲ್ಲದ ಕರೆಂಟು ಆ ತಿಂಗಳು ಒಮ್ಮೆಯೂ ಹೋಗಲಿಲ್ಲ.

ಕಂಪ್ಯೂಟರ್ ಕೂಡಿಸಿದ ಮೊದಲ ಕ್ಯಾಸೆಟ್ಟು ಮಾನ್ವಿಯ ಗೋಪಮ್ಮ ಟೀಚರ ಮಗಳ ಮದುವೆಯದು. ಹಗಲೂ ರಾತ್ರಿ ಕೂತು ಅದನ್ನು ಮುಗಿಸಿದವನು ಶ್ರೀನಿವಾಸ. ತೋರಿಸಿ ಬರಲು ರಾಯರು ಇಬ್ಬರನ್ನೂ ಬಸ್ಸಿಗೆ ಹತ್ತಿಸಿದರು. ಮೌನಪ್ಪ ದಾರಿಯುದ್ದಕ್ಕೂ ನೀರಮಾನ್ವಿ ಎಲ್ಲಮ್ಮನನ್ನು ಬೇಡಿಕೊಂಡ. ತಾಳಿ ಕಟ್ಟುವಾಗ ಒಂದೇ ಒಂದು ಗೆರೆ ಬರಲಿ ತಾಯಿ, ಕಾಯಿ ಒಡೆಸುತ್ತೇನೆ.

ಗೆರೆ ಬರಲಿಲ್ಲ. ತಾಳಿ ಕಟ್ಟಿದ್ದಾಯಿತು, ಅಕ್ಕಿಕಾಳು ಬಿದ್ದವು, ಮಗಳು ತಿರುಗಿ ನೋಡುತ್ತ ಹೋದಳು. ಮಿಣುಕು ಸಹ ಇಲ್ಲ. ಗೋಪಮ್ಮ ಕಣ್ಣೊರೆಸಿಕೊಂಡು ಎದ್ದು, ಶ್ರೀನಿವಾಸನನ್ನು ದಾಟಿ, ನೇರ ಮೌನಪ್ಪನ ಹತ್ತಿರ ಬಂದಳು.

"ಎಷ್ಟೋ ಮದಿವಿ ಕ್ಯಾಸೆಟ್ಟು ನೋಡೀನಿ, ಯಪ್ಪಾ. ನಿನ್ನ ಕೈ ಇಷ್ಟು ಛಲೋ ಎಂದೂ ಬಂದಿದ್ದಿಲ್ಲ."

ಇದು ನನ್ನ ಕೈಯಲ್ಲ ಎಂಬ ಮಾತು ಅವನ ಗಂಟಲವರೆಗೆ ಬಂತು. ಮನೆ ತುಂಬ ಜನ ಅವನನ್ನೇ ನೋಡುತ್ತಿದ್ದರು.

"ರೂಢಿ ಆಗ್ಯದ್ರೀ," ಎಂದ.

ಯಾರೋ ಅವನಿಗೆ ಮೊದಲು ಚಹಾ ಕೊಟ್ಟರು. ಕುಡಿಯುತ್ತ ತಿರುಗಿದ. ಬಾಗಿಲ ಬಳಿ ಶ್ರೀನಿವಾಸ ತುಟಿ ಬಿಗಿಹಿಡಿದು ಅವನ ಕೈಗಳನ್ನೇ ನೋಡುತ್ತ ನಿಂತಿದ್ದ. ಆ ಮುಖ ಮೌನಪ್ಪನಿಗೆ ಚೆನ್ನಾಗಿ ಗುರುತಿತ್ತು. ತಿಂಗಳಿಂದ ಮುಂಜಾನೆ ಗಡ್ಡ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ಅವನು ನೋಡುತ್ತಿದ್ದದ್ದು ಅದನ್ನೇ.